ಗಾಳಿ ಬಂತೆಂದು ಬಾಗಿಲು ಹಾಕಬೇಕೆ?

ಆಷಾಢ ಬಂತೆಂದರೆ ನಮ್ಮ ಮೊಳಕಾಲ್ಮೂರಿಗೆ ಮಳೆಗಿಂತ ಮೊದಲು, ಅನೇಕ ವರ್ಷಗಳಲ್ಲಿ ಮಳೆಗೆ ಬದಲಾಗಿ, ಗಾಳಿ ಬರುತ್ತದೆ. ಪಶ್ಚಿಮ ಘಟ್ಟಗಳ ಮೇಲೆ ನೀರನ್ನೆಲ್ಲ ಸುರಿದ ಮುಂಗಾರು ಮಾರುತವು ಮಳೆನೆರಳಿನ ಈ ಸೀಮೆಗೆ ಬರಿಗೈಯಲ್ಲಿ ಬಂದು, ಬಂದ ಸಂಕೋಚವನ್ನು ಮುಚ್ಚಿಕೊಳ್ಳಲೋ ಎಂಬಂತೆ ಅಬ್ಬರಿಸುತ್ತದೆ. ಚಿತ್ರದುರ್ಗದ ಬೆಟ್ಟಗಳ ಮೇಲೆ ವಿದ್ಯುತ್ತಿಗಾಗಿ ಗಾಳಿಯಂತ್ರಗಳನ್ನು ಸಾಲುಸಾಲಾಗಿ ನಿಲ್ಲಿಸಿರುವುದು ಸುಮ್ಮನೆ ಅಲ್ಲ. "ಗಾಳಿ ಬಂದಾಗ ತೂರಿಕೋ" ಎಂಬ ಗಾದೆಯೇನೋ ಇದೆ. ತೂರಿಕೊಳ್ಳಲು ಕಾಳಿರುವವರಿಗೆ ಅದು ಒಪ್ಪುವ ಮಾತು. ಮಗ್ಗದ ಮನೆಯವರಿಗೆ ಆ ತಿಂಗಳಲ್ಲಿ ಏಳುವ ಪ್ರಶ್ನೆ ಬೇರೆ: ಮುಂಬಾಗಿಲನ್ನು ತೆರೆದಿಡುವುದೋ, ಹಾಕುವುದೋ?

ಇದೂ ಒಂದು ವಿಷಯವೇ ಎಂದು ವಾಚಕರು ನಗಬಹುದು. ಪದವಿ ತರಗತಿಯ ಕೊನೆಯ ವರ್ಷದಲ್ಲಿರುವವನು ಪ್ರಜಾಪ್ರಭುತ್ವವನ್ನೋ ಸಾಹಿತ್ಯವನ್ನೋ ಕುರಿತು ಬರೆಯಬೇಕಾದುದು ನಿಜ. ಆದರೆ ನಮ್ಮ ಮನೆಯಲ್ಲಿ ಕಳೆದೊಂದು ವರ್ಷದಿಂದ ಈ ಬಾಗಿಲಿನ ವಿಷಯವಾಗಿ ಅಪ್ಪನಿಗೂ ನನಗೂ ಆಗಿರುವಷ್ಟು ವಾಗ್ವಾದವು ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿಯೂ ಆಗಿಲ್ಲ.

ಮೊದಲು ನಾವಿದ್ದ ಹಳೆಯ ಮನೆ ಪೂರ್ವಕ್ಕೆ ಮುಖಮಾಡಿತ್ತು. ದಪ್ಪ ಮರದ ಎರಡು ಕದಗಳು ಒಳಕ್ಕೆ ತೆರೆಯುತ್ತಿದ್ದವು, ಹಿತ್ತಲು ಪಡುವಣಕ್ಕೆ. ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆರೆದು ಹಿತ್ತಲ ಬಾಗಿಲು ಹಾಕಬೇಕು, ಇಲ್ಲವಾದರೆ ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಹೋಗುತ್ತಾಳೆ ಎಂದು ಅಜ್ಜಿ ಗದರಿಸುತ್ತಿದ್ದಳು. ಪಿ.ಯು.ಸಿ. ಓದುವಾಗ ನಾನು ಇದನ್ನು ಮೂಢನಂಬಿಕೆಯ ಪಟ್ಟಿಗೆ ಸೇರಿಸಿದ್ದೆ. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಪಡುವಣ ಗಾಳಿ ಹಿತ್ತಲಿನಿಂದ ನುಗ್ಗಿ ಮುಂಬಾಗಿಲಿನಿಂದ ಹೊರಟರೆ, ಒಳಕ್ಕೆ ತೆರೆದ ಕದಗಳನ್ನು ತನ್ನೊಡನೆ ಎಳೆದುಕೊಂಡು ಬಡಿದೇ ಹೋಗುತ್ತದೆ. ಹಿತ್ತಲ ಬಾಗಿಲು ಹಾಕಿದರೆ ಆ ದಾರಿಯೇ ಕಟ್ಟಿತು. ಲಕ್ಷ್ಮಿಯ ವಿಷಯ ನಾನರಿಯೆ. ಕದ ಮಾತ್ರ ನಿಂತಲ್ಲಿಯೇ ನಿಂತಿರುತ್ತಿತ್ತು.

ಈಗಿನ ಮನೆ ಸಾಲುಮನೆಗಳಲ್ಲಿ ಒಂದು. ಮುಖ ಪಡುವಣಕ್ಕೆ, ತಗಡಿನ ಒಂಟಿ ಕದ, ಹೊರಕ್ಕೆ ತೆರೆಯುತ್ತದೆ. ಮುಂದಿನ ಕೋಣೆಯಲ್ಲಿಯೇ ಅಪ್ಪನ ಕುಣಿಮಗ್ಗ. ನೆಲದ ಕುಣಿಯಲ್ಲಿ ಕಾಲಿಳಿಸಿ ಕುಳಿತವನಿಗೆ ಬೆಳಕು ಬರುವುದು ಬಾಗಿಲಿನಿಂದ. ಕಿಟಕಿಯೆಂಬುದು ಹೆಸರಿಗೆ ಮಾತ್ರ. ಹೋದ ಆಷಾಢದಲ್ಲಿ ನನ್ನ ತಂಗಿ ದಾರಂದಕ್ಕೆ ಕೈಯಿಟ್ಟು ನಿಂತಿದ್ದಾಗ ಆ ಕದ ಬಡಿಯಿತು. ಬೆರಳಿನ ತುದಿ ಜಜ್ಜಿಹೋಯಿತು. ಉಗುರು ಇಂದಿಗೂ ಸರಿಯಾಗಿ ಬಂದಿಲ್ಲ. ಅಂದಿನಿಂದ ಅಪ್ಪ ಗಾಳಿಯೆದ್ದೊಡನೆ ಬಾಗಿಲು ಹಾಕಿ, ಅಗುಳಿ ಜಡಿದು, ದೀಪದ ಬೆಳಕಿನಲ್ಲಿ ನೇಯತೊಡಗಿದ.

ಹಾಗೆ ನೇಯ್ದ ಒಂದು ಸೀರೆಯ ಕಥೆಯನ್ನು ಹೇಳಲೇಬೇಕು. ನಡುವೆ ಹೊಕ್ಕಿನ ನೂಲು ಮುಗಿದು, ಅವ್ವ ಬೇರೆ ಲಡಿಯಿಂದ ಕಂಡಿಕೆ ಸುತ್ತಿಕೊಟ್ಟಳು. ದೀಪದ ಕೆಳಗೆ ಎರಡೂ ಒಂದೇ ಬಣ್ಣ. ಹಗಲಾಗಿದ್ದರೆ ಅಪ್ಪ ಲಡಿಯನ್ನು ಹೊಸ್ತಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡದೆ ಲಾಳಿಗೆ ಹಾಕುತ್ತಿರಲಿಲ್ಲ. ಅದು ಅವನ ನಲವತ್ತು ವರ್ಷದ ಅಭ್ಯಾಸ. ಬಾಗಿಲು ತೆರೆದರೆ ಗಾಳಿ, ಧೂಳು, ಜೊತೆಗೆ ಮಗಳ ಬೆರಳಿನ ನೆನಪು, ತೆರೆಯಲಿಲ್ಲ. ಸೀರೆಯನ್ನು ಕೊಂಡೊಯ್ದವನು ನಾನೇ. ವ್ಯಾಪಾರಿ ಅದನ್ನು ಅಂಗಡಿಯ ಮುಂದಿನ ಬೆಳಕಿಗೆ ಹರಡಿದೊಡನೆ ಒಡಲಿನ ನಡುವೆ ಮಾಸಿದಂತಹ ಪಟ್ಟೆ ಕಾಣಿಸಿತು. ಕೂಲಿಯಲ್ಲಿ ಬಹುಭಾಗ ಮುರಿದುಕೊಂಡ. ಅವನದು ತಪ್ಪೆನ್ನಲಾರೆ. ಮೊಳಕಾಲ್ಮೂರಿನ ಸೀರೆಗೆ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ ಎಂದು ನಾವು ಹೆಮ್ಮೆಪಡುತ್ತೇವೆ. ಕೊಳ್ಳುವವರು ಪಟ್ಟೆಯನ್ನು ಕೊಳ್ಳುವುದಿಲ್ಲ. ಹಿಂದಿರುಗಿ ಬಂದು ಹೇಳಿದಾಗ ಅಪ್ಪ ಏನೂ ಅನ್ನಲಿಲ್ಲ. ಎದ್ದು ಹೋಗಿ ಅಗುಳಿಯನ್ನೊಮ್ಮೆ ಮುಟ್ಟಿ, ಮತ್ತೆ ಬಂದು ಕುಳಿತ.

"ಗಾಳಿ ಬಂದರೆ ಬಾಗಿಲು ಹಾಕಿಕೊಳ್ಳಿ, ಇನ್ನೊಂದು ದೀಪ ಹಾಕಿಸಿಕೊಳ್ಳಿ" ಎಂದು ಬುದ್ಧಿ ಹೇಳುವವರಿಗೆ ನನ್ನ ಉತ್ತರ ಈ ಸೀರೆ. ಬಾಗಿಲು ತೆರೆದೇ ಇರಬೇಕು ಎಂಬುದು ನನ್ನ ಪಕ್ಷ. ಬಡಿಯದಂತೆ ತೆರೆದಿಡುವುದು ಹೇಗೆ ಎಂಬುದಷ್ಟೇ ಉಳಿದ ಪ್ರಶ್ನೆ.

ಎಲ್ಲರೂ ಮಾಡುವುದು ಕಲ್ಲಿಡುವುದು. ನಮ್ಮಲ್ಲಿ ಕಲ್ಲಿಗೆ ಬರವೇ? ಅಶೋಕ ಚಕ್ರವರ್ತಿಯು ಶಾಸನ ಬರೆಸಲು ಬ್ರಹ್ಮಗಿರಿಯ ಬಂಡೆಯನ್ನು ಆರಿಸಿಕೊಂಡ ತಾಲ್ಲೂಕು ಇದು. ಆದರೆ ಲೆಕ್ಕ ನೋಡಿರಿ. 3 ಅಡಿ ಅಗಲ, 6 ಅಡಿ ಎತ್ತರದ ಕದಕ್ಕೆ ಗಂಟೆಗೆ 36 ಕಿಲೋಮೀಟರು ವೇಗದ ಗಾಳಿ ನೇರವಾಗಿ ಬಡಿದರೆ ಸುಮಾರು 10 ಕಿಲೋ ಭಾರದಷ್ಟು ನೂಕು ಬೀಳುತ್ತದೆ. ವೇಗ ಎರಡರಷ್ಟಾದರೆ ನೂಕು ಎರಡರಷ್ಟಲ್ಲ, ನಾಲ್ಕರಷ್ಟು; ಅಂದರೆ 40 ಕಿಲೋ. (ಕಲಾ ವಿಭಾಗದವನಿಗೆ ಈ ಲೆಕ್ಕ ಹೇಳಿಕೊಟ್ಟವನು ವಿಜ್ಞಾನ ಓದುವ ಮಿತ್ರ, ತಪ್ಪಿದ್ದರೆ ಅವನದು.) ಅವ್ವ ಕಲ್ಲಿಡುತ್ತಿದ್ದುದು ಕೀಲಿನ ಹತ್ತಿರ, ದಾರಿಗೆ ಅಡ್ಡವಾಗದಿರಲೆಂದು. ಅಲ್ಲಿಟ್ಟ ಕಲ್ಲು ಎಷ್ಟು ದೊಡ್ಡದಾದರೂ ಸಿಮೆಂಟು ನೆಲದ ಮೇಲೆ ಜಾರುತ್ತದೆ. ಕದದ ಹೊರ ಅಂಚಿನಲ್ಲಿ ಹಿಡಿದರೆ ಸಣ್ಣದೊಂದು ಕೊಂಡಿ ಸಾಕು.

ಇದಕ್ಕಿಂತ ನನಗೆ ಸಿಟ್ಟು ಬರಿಸುವುದು ಕೀಲಿನ ಪಕ್ಕ. ನಮ್ಮ ಗಾಳಿ ನೈಋತ್ಯದಿಂದ ಬರುತ್ತದೆ. ಪಡುವಣ ಮುಖದ ಮನೆಯ ಗೋಡೆಯನ್ನು ಸವರಿಕೊಂಡು ಬಡಗಣಕ್ಕೆ ಹರಿಯುತ್ತದೆ. ನಮ್ಮ ಕದಕ್ಕೆ ಕೀಲು ಹೊಡೆದಿರುವುದು ತೆಂಕಣ ಪಕ್ಕಕ್ಕೆ. ತೆರೆದು ಗೋಡೆಗೆ ಒರಗಿಸಿದರೆ ಅದರ ಬಿಡಿಯಂಚು ಗಾಳಿಗೆ ಎದುರಾಗಿರುತ್ತದೆ; ಗಾಳಿ ಅಂಚಿನ ಹಿಂದೆ ನುಸುಳಿ, ಪುಸ್ತಕದ ಹಾಳೆ ಮಗುಚುವಂತೆ ಮಗುಚಿ ಬಡಿಯುತ್ತದೆ. ಅದೇ ಕೀಲನ್ನು ಬಡಗಣ ಪಕ್ಕಕ್ಕೆ ಹೊಡೆದಿದ್ದರೆ ಗಾಳಿಯೇ ಕದವನ್ನು ಗೋಡೆಗೆ ಒತ್ತಿ ಹಿಡಿಯುತ್ತಿತ್ತು. ಖರ್ಚು ಒಂದು ಕಾಸೂ ಹೆಚ್ಚಾಗುತ್ತಿರಲಿಲ್ಲ. ಕಟ್ಟುವಾಗ ನೇಕಾರರಲ್ಲಿ ಒಬ್ಬರನ್ನು, ಬೇಡ, ನೇಕಾರರ ಮನೆಯ ಒಬ್ಬ ಅಜ್ಜಿಯನ್ನು ಕೇಳಿದ್ದರೆ ಸಾಕಾಗುತ್ತಿತ್ತು. ಪಾಶ್ಚಾತ್ಯ ದೇಶಗಳಲ್ಲಿ ಕಾರಿನ ಹಿಂದೆ ಚಕ್ರದ ಮನೆಯನ್ನು ಕಟ್ಟಿಕೊಂಡು ಪ್ರವಾಸ ಹೋಗುತ್ತಾರಂತೆ. ಅವುಗಳ ಕದವೂ ಹೊರಕ್ಕೇ ತೆರೆಯುತ್ತದೆ. ತೆರೆದ ಕದವನ್ನು ಹೊರಗೋಡೆಗೆ ಸಿಕ್ಕಿಸಲು ಒಂದು ಹಿಡಿಕೆ ಇಟ್ಟಿರುತ್ತಾರೆ. ಅದೂ ಸಾಲದಾದರೆ ಗಾಳಿಯ ದಿಕ್ಕು ನೋಡಿ ಮನೆಯನ್ನೇ ತಿರುಗಿಸಿ ನಿಲ್ಲಿಸಬಹುದು. ಸಾಲುಮನೆಗೆ ಆ ಭಾಗ್ಯವೆಲ್ಲಿಯದು?

ನಮ್ಮಲ್ಲಿ ಕೆಲವರು ಮುಂದೆ ಗುಮಾಸ್ತರಾಗುವರು, ಕೆಲವರು ಅಧಿಕಾರಿಗಳೂ ಆಗಬಹುದು. ಮನೆ ಕಟ್ಟಿಸುವ ಕಾಗದಗಳು ಅವರ ಮೇಜಿಗೆ ಬಂದಾಗ ಎಷ್ಟು ಮನೆ, ಎಷ್ಟು ಹಣ ಎಂದು ನೋಡುವುದರ ಜೊತೆಗೆ ಕದದ ಕೀಲು ಯಾವ ಪಕ್ಕಕ್ಕೆ ಎಂದೂ ಒಮ್ಮೆ ಕೇಳಲಿ ಎಂದು ನನ್ನ ಬಿನ್ನಹ.

ಕಳೆದ ಭಾನುವಾರ ಪೇಟೆಯಿಂದ ಕಬ್ಬಿಣದ ಕೊಂಡಿಯೊಂದನ್ನು ತಂದು, ಕದದ ಹೊರ ಅಂಚು ಗೋಡೆಯನ್ನು ಮುಟ್ಟುವಲ್ಲಿ, ತಂಗಿಯ ಕೈಗೆಟಕದ ಎತ್ತರದಲ್ಲಿ ಹೊಡೆದೆ. ಕದ ಗೋಡೆಗೆ ತಾಗುವಲ್ಲಿ ಹಳೆಯ ಸೈಕಲ್ ಟೈರಿನ ತುಂಡನ್ನೂ ಇಟ್ಟೆ. ಅಪ್ಪ ಮಗ್ಗದಿಂದಲೇ ನೋಡುತ್ತಿದ್ದವನು, "ಬಿ.ಎ. ಓದಿದ್ದು ಬಾಗಿಲಿಗೆ ಕೊಂಡಿ ಹೊಡೆಯೋಕೇನೋ?" ಎಂದ. ಕೊಂಡಿ ಸಿಕ್ಕಿಸಿ ಕದವನ್ನು ಎರಡು ಕೈಗಳಿಂದ ಎಳೆದು ತೋರಿಸಿದೆ, ಅಲುಗಲಿಲ್ಲ. "ಆಷಾಢ ಬರಲಿ, ನೋಡೋಣ" ಎಂದು ಲಾಳಿ ಎಸೆದ. ಆ ದಿನ ಸಂಜೆಯವರೆಗೂ ದೀಪ ಹಾಕಲಿಲ್ಲ.