ಬೋರ್ಡಿನ ಮೇಲಿನ ಮನೆಯಲ್ಲಿ ಯಾರಿದ್ದಾರೆ?

ಎರಡು ತ್ರಿಕೋನದ ಗುಡ್ಡ, ನಡುವೆ ಅರ್ಧ ಸೂರ್ಯ, ನಾಲ್ಕು ಹಕ್ಕಿ, ಇಳಿಜಾರು ಸೂರಿನ ಮನೆ, ಬಾಗಿಲಿಂದ ಹೊರಟು ಬಳುಕುತ್ತ ಹೋಗುವ ದಾರಿ, ಪಕ್ಕಕ್ಕೊಂದು ತೆಂಗಿನ ಮರ. ‘ನನ್ನ ಮನೆ’ ಬರೆಯಿರಿ ಎಂದರೆ ನಮ್ಮ ಶಾಲೆಗಳ ಮಕ್ಕಳು ಬರೆಯುವ ಚಿತ್ರ ಇದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆ ಕಡೆಯ ಮಕ್ಕಳೂ ಇದನ್ನೇ ಬರೆಯುತ್ತಾರೆ. ಅಲ್ಲಿ ನಿಜವಾದ ಗುಡ್ಡಗಳಿವೆ, ತೆಂಗಿನ ಮರಕ್ಕಂತೂ ಬರವಿಲ್ಲ. ಆದರೂ ಹಾಳೆಗೆ ಇಳಿಯುವ ಗುಡ್ಡ ಬೋರ್ಡಿನದು, ಮರವೂ ಬೋರ್ಡಿನದು. ಆ ಮನೆಯಲ್ಲಿ ಯಾರೂ ವಾಸವಿಲ್ಲ. ನನ್ನ ಜಗಳ ಈ ಚಿತ್ರದ ಜೊತೆ, ಮತ್ತು ಇದರಿಂದ ಯಾರಿಗೇನು ತೊಂದರೆ ಎಂದು ಕೇಳುವವರ ಜೊತೆ.

ಶಾಲೆಗಳಲ್ಲಿ ಕಲೆಯನ್ನು ಹೇಗೆ ಕಲಿಸುತ್ತಾರೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಆ ಕೆಲಸದ ಭಾಗವಾಗಿ ಏಳನೇ ತರಗತಿಗೆ ‘ಮನೆ’ ಎಂಬ ಪಾಠ ಮಾಡಬೇಕಿತ್ತು. ಕೈಗೆ ಬಂದ ಮಾದರಿ ಪಾಠ ‘ಮನೆ ಎಂದರೆ ಪ್ರೀತಿ, ಮನೆ ಎಂದರೆ ನೆಮ್ಮದಿ’ ಎಂದು ಮಕ್ಕಳ ಬಾಯಲ್ಲಿ ಹೇಳಿಸಿ ಶುರುವಾಗುತ್ತಿತ್ತು. ಅದನ್ನು ಹೊಡೆದು ಹಾಕಿದೆ. ಉತ್ತರವನ್ನು ಮೊದಲೇ ಬಾಯಿಗೆ ತುರುಕಿದ ಮೇಲೆ ಮಗು ನೋಡುವುದಾದರೂ ಏನನ್ನು?

ಬದಲಿಗೆ ನಾಲ್ಕು ಪ್ರಶ್ನೆ ಬರೆದುಕೊಂಡೆ. ನಿನ್ನೆ ರಾತ್ರಿ ಎಲ್ಲಿ ಮಲಗಿದ್ದೆ? ತಲೆಯ ಮೇಲೆ ಏನಿತ್ತು? ನಿಮ್ಮ ಮನೆಗೆ ಬಂದವರು ಎಲ್ಲೆಲ್ಲಿ ನಿಲ್ಲುತ್ತಾರೆ? ನೀನು ಹೋಗಬಾರದ ಜಾಗ ಯಾವುದು? ಮನೆಯನ್ನು ಬೀದಿಯಿಂದ ನೋಡಿದಂತೆ ಬರೆಯಬಾರದು, ಇರುವೆಯೊಂದು ಹೊಸ್ತಿಲು ದಾಟಿ ಒಳಗೆಲ್ಲ ಓಡಾಡಿದಂತೆ ಬರೆಯಬೇಕು. ಬಣ್ಣಕ್ಕೆ ಒಲೆಯ ಇದ್ದಿಲು, ಕೆಮ್ಮಣ್ಣು. ಹಾಳೆಯ ಮೇಲೆ ಹೆಸರು ಕೂಡದು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಯನ್ನು ಬಲ್ಲವರಿಗೆ ಎರಡನೇ ಪ್ರಶ್ನೆಯ ತೂಕ ಗೊತ್ತು. ಇಲ್ಲಿ ತೋಟವಂತರ ಹಳೇ ಮನೆ ಎಂದರೆ ಅರ್ಧ ಜನರದು, ಅರ್ಧ ಕಾಯಿಯದು. ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೇರಿಸಿ ವರ್ಷದ ಹತ್ತಿರ ಹತ್ತಿರ ಬಿಡುತ್ತಾರೆ. ಕೆಳಗಿನ ಅಡುಗೆಯ ಕಾವು, ಹೊಗೆ ಮೇಲೇರುತ್ತದೆ. ನೀರು ಇಂಗಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಎನ್ನುವಾಗ ಉಂಡೆ ಕೊಬ್ಬರಿ ಆಯಿತೆಂದು ಲೆಕ್ಕ. ಸಾಲ, ಮದುವೆ, ಮಗಳ ಕಾಲೇಜು ಫೀಸು ಎಲ್ಲವೂ ಆ ಅಟ್ಟದ ಮೇಲೆ ಒಣಗುತ್ತಿರುತ್ತವೆ. ತಿಪಟೂರು ಮಾರುಕಟ್ಟೆಯಲ್ಲಿ ರೇಟು ಬಿದ್ದರೆ ಕೆಳಗೆ ಮಲಗಿದವರಿಗೆ ನಿದ್ದೆ ಇಲ್ಲ. ಬೋರ್ಡಿನ ಮನೆಗೆ ಅಟ್ಟವೇ ಇಲ್ಲ.

ಒಬ್ಬ ಹುಡುಗ ಅಟ್ಟವನ್ನು ಮನೆಗಿಂತ ದೊಡ್ಡದಾಗಿ ಬರೆದ. ಇನ್ನೊಬ್ಬನದು ಬೇರೆಯವರ ತೋಟದಲ್ಲಿ ಕಾಯಿ ಸುಲಿಯುವ ಕುಟುಂಬ, ಮಲಗುವುದು ಸಾಹುಕಾರರ ಅಟ್ಟದ ಕೆಳಗೇ. “ಅಕ್ಕಾ, ಮೇಲಿರೋ ಕಾಯಿ ನಮ್ಮವಲ್ಲ, ಅವಕ್ಕೂ ಬಣ್ಣ ಹಾಕ್ಲಾ?” ಎಂದ. ಇಷ್ಟು ನಿಖರವಾದ ಪ್ರಶ್ನೆಯನ್ನು ನಾನು ಯಾವ ವಿಚಾರ ಸಂಕಿರಣದಲ್ಲೂ ಕೇಳಿಲ್ಲ.

ಮತ್ತೊಂದು ಹಾಳೆಯಲ್ಲಿ ಎರಡು ಮನೆಗಳಿದ್ದವು. ಒಂದು ದೊಡ್ಡದು. ಇನ್ನೊಂದು ದೂರದಲ್ಲಿ, ಹಾಳೆಯ ಅಂಚಿನಲ್ಲಿ, ಬೆಂಕಿಪೊಟ್ಟಣದಷ್ಟು. ಅದರೊಳಗೆ ಒಂದು ಚಾಪೆ, ಒಂದು ಚೊಂಬು. ಯಾರು ಬರೆದದ್ದೆಂದು ನಾನು ಕೇಳಲಿಲ್ಲ. ಈ ಭಾಗದ ಗೊಲ್ಲರಹಟ್ಟಿಗಳನ್ನು ಕಂಡವರಿಗೆ ಹೇಳಬೇಕಾಗಿಯೂ ಇಲ್ಲ. ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಹಟ್ಟಿಯಾಚೆ ಇರಿಸುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. 2023ರ ಜುಲೈನಲ್ಲಿ ನಮ್ಮದೇ ಜಿಲ್ಲೆಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಊರಾಚೆಯ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ಆ ಹುಡುಗಿಯ ಮುಂದೆ ನಿಂತು ‘ಮನೆ ಎಂದರೆ ನೆಮ್ಮದಿ’ ಎಂದು ಹೇಳಿಸುವುದು ಪಾಠವೇ?

“ಮೇಡಂ, ಇವೆಲ್ಲ ಊರಿನ ವಿಷಯ, ಡ್ರಾಯಿಂಗಿಗೆ ಯಾಕೆ ಬೇಕು? ಮಕ್ಕಳಿಗೆ ನೋವಾಗುತ್ತೆ” ಎಂದರು ಅಲ್ಲಿನ ಮೇಷ್ಟ್ರೊಬ್ಬರು. ಒಳ್ಳೆಯ ಮನುಷ್ಯ, ಕಾಳಜಿಯಿಂದಲೇ ಹೇಳಿದ್ದು. ಆದರೆ ಆ ನೋವು ನನ್ನ ಪ್ರಶ್ನೆಯಿಂದ ಹುಟ್ಟಿದ್ದಲ್ಲ. ನಿನ್ನ ಮನೆ ಚಿತ್ರಕ್ಕೆ ಲಾಯಕ್ಕಿಲ್ಲ, ಬೇರೆ ಮನೆ ಬರಿ ಎಂದು ಒಂದನೇ ತರಗತಿಯಿಂದ ಬಾಯಿಬಿಡದೆ ಹೇಳಿಕೊಂಡು ಬಂದಿದ್ದೇವಲ್ಲ, ಅದು ನೋವಲ್ಲವೇ? ಶೀಟಿನ ಮನೆಯ ಮಗು ಹೆಂಚಿನ ಸೂರು ಬರೆದು ‘ಗುಡ್’ ಪಡೆಯುವಾಗ ಕಲಿಯುವುದು ಸುಳ್ಳು ಹೇಳುವ ಕಲೆಯನ್ನು. ಹಾಗೆಂದು ಮಕ್ಕಳ ಸಂಕಟವನ್ನು ಗೋಡೆಗೆ ಅಂಟಿಸಿ ಫೋಟೊ ಹೊಡೆಯುವವರ ಪರ ನಾನಿಲ್ಲ. ಹೆಸರು ಬೇಡವೆಂದದ್ದು ಅದಕ್ಕೇ. ಹಾಳೆಗಳನ್ನು ಗಂಟೆ ಹೊಡೆಯುವ ಮೊದಲೇ ಮೇಜಿನ ಮೇಲೆ ಹರಡಿದೆ, ಅವರವರದನ್ನು ಅವರವರೇ ಎತ್ತಿಕೊಂಡು ಹೋದರು. ನನ್ನ ಪ್ರಬಂಧದಲ್ಲಿ ಒಂದು ಚಿತ್ರವೂ ಇರುವುದಿಲ್ಲ. ಮಾರ್ಗದರ್ಶಕರಿಗೆ ಇದು ಇಷ್ಟವಾಗಿಲ್ಲ, ಇರಲಿ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೂ ಕಲೆ ಕಡ್ಡಾಯ ವಿಷಯವಾಗಲಿ ಎಂದಿತ್ತು. ಡ್ರಾಯಿಂಗ್ ಪೀರಿಯಡ್ಡು ಈಗಲೂ ಗಣಿತದವರಿಗೆ ಸಾಲ ಕೊಡುವ ಪೀರಿಯಡ್ಡೇ. ಉಳಿದಾಗ ಬೋರ್ಡಿನ ಗುಡ್ಡ ಇದ್ದೇ ಇದೆ.

ಮುಂದಿನ ಶಿಕ್ಷಕರ ತರಬೇತಿಯಲ್ಲಿ ಈ ಪಾಠ ಬಂದರೆ ಹಾಳೆಯನ್ನು ಮೊದಲು ಮೇಷ್ಟ್ರು, ಮೇಡಂಗಳಿಗೇ ಕೊಡಿ, ನನ್ನಂಥ ಸಂಶೋಧಕರಿಗೂ ಕೊಡಿ. ನಿಮ್ಮ ಮನೆಯ ಒಳಗನ್ನು ಬರೆದು, ತೋಟದ ಕೆಲಸದವರಿಗೆಂದು ಬೇರೆ ಇಟ್ಟ ಲೋಟ ಎಲ್ಲಿದೆ, ಗುರುತು ಮಾಡಿ ಎನ್ನಿ.