ದಾದಿಯರೂ ಪದವಿ ವ್ಯಾಸಂಗವೂ



ಶುಶ್ರೂಷಾ ವೃತ್ತಿಯಲ್ಲಿರುವ ಸೋದರಿಯೊಬ್ಬರು ಈ ತಿಂಗಳು ಒಂದು ಪ್ರಶ್ನೆಯನ್ನು ಕಳುಹಿಸಿರುವರು. ಅವರ ಪ್ರಾಯ 26. ಮೂರು ವರ್ಷದ ಡಿಪ್ಲೊಮಾ ಮುಗಿಸಿ, ನಾಲ್ಕು ವರ್ಷಗಳಿಂದ ಖಾಸಗಿ ಆಸ್ಪತ್ರೆಯೊಂದರಲ್ಲಿ ದಾದಿಯಾಗಿರುವರು. ಯಜಮಾನರೂ ದುಡಿಯುವರು, ಎರಡು ವರ್ಷದ ಮಗುವನ್ನು ಅತ್ತೆಯವರು ನೋಡಿಕೊಳ್ಳುವರು. ಈಗ ಯಾವುದೋ ಕಾಲೇಜಿನವರು, “ಕೆಲಸ ಬಿಡಬೇಕಾದುದಿಲ್ಲ, ಪರೀಕ್ಷೆಗೆ ಮಾತ್ರ ಬಂದರೆ ಸಾಕು, ಎರಡು ವರ್ಷದಲ್ಲಿ ಬಿ.ಎಸ್ಸಿ. ಪದವಿ ಕೈಸೇರುವುದು” ಎಂದು ಆಶ್ವಾಸನೆ ಕೊಟ್ಟು, ಮುಂಗಡವನ್ನು ಕೇಳಿರುವರಂತೆ. ಸೇರಬಹುದೆ, ಬೇಡವೆ? ಇಂಥ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಇರತಕ್ಕುದೇ ಆದುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತೇನೆ.

ರೋಗಿಯ ಮಗ್ಗುಲಲ್ಲಿ ನಿಂತು ಆರೈಕೆ ಮಾಡುವವರಿಗೆ ಪದವಿಯೇಕೆ ಎಂದು ಮೂಗು ಮುರಿಯುವ ಹಿರಿಯರು ಇಂದಿಗೂ ಉಂಟು. ಅವರು ಚರಕಸಂಹಿತೆಯನ್ನು ನೋಡಲಿ. ಅಲ್ಲಿ ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿದೆ. ಪರಿಚಾರಕನಿಗೆ ಬೇಕಾದ ಗುಣಗಳು ಉಪಚಾರಜ್ಞತೆ, ದಾಕ್ಷ್ಯ, ಅನುರಾಗ, ಶೌಚ. ಇವುಗಳಲ್ಲಿ ಮೊದಲು ಎಣಿಸಿರುವುದು ಉಪಚಾರದ ಜ್ಞಾನವನ್ನೇ. ನಮ್ಮ ದೇಶದಲ್ಲಿ 1946ರಲ್ಲಿಯೇ ದೆಹಲಿ, ವೆಲ್ಲೂರುಗಳಲ್ಲಿ ಈ ವಿದ್ಯೆಗೆ ಪದವಿ ಶಿಕ್ಷಣವು ಆರಂಭವಾಯಿತು. ಆದಕಾರಣ ಪದವಿಯ ಗೌರವದ ವಿಷಯವಾಗಿ ನನಗೆ ಲೇಶವೂ ಸಂದೇಹವಿಲ್ಲ. ಸಂದೇಹವಿರುವುದು ಮೇಲಿನ ಆಶ್ವಾಸನೆಯ ವಿಷಯದಲ್ಲಿ.

ಡಿಪ್ಲೊಮಾ ಪಡೆದವರಿಗೆ ಏರ್ಪಟ್ಟಿರುವುದು ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಎಂಬ ಎರಡು ವರ್ಷದ ವ್ಯಾಸಂಗ. ಭಾರತೀಯ ಶುಶ್ರೂಷಾ ಪರಿಷತ್ತು ವಿಧಿಸಿದ ಪಾಠಕ್ರಮದಂತೆ, ಪರೀಕ್ಷೆಗೆ ಕುಳಿತುಕೊಳ್ಳಬೇಕಾದರೆ ಪ್ರತಿಯೊಂದು ವಿಷಯದ ಪಾಠದಲ್ಲಿಯೂ ಪ್ರಾಯೋಗಿಕದಲ್ಲಿಯೂ ನೂರಕ್ಕೆ 80ರಷ್ಟು ಹಾಜರಿ ಇರತಕ್ಕದ್ದು. ಪದವಿ ಕೈಗೆ ಬರುವುದರೊಳಗೆ ಪ್ರಾಯೋಗಿಕದ ಹಾಜರಿಯು ಪೂರ್ತಿ ನೂರಕ್ಕೆ ನೂರಾಗಿರತಕ್ಕದ್ದು. ಹೀಗಿರುವಲ್ಲಿ ಪರೀಕ್ಷೆಗೆ ಮಾತ್ರ ಬರುವವಳ ಹಾಜರಿಯನ್ನು ತುಂಬುವವರು ಯಾರು? ಜೀವಮಾನವೆಲ್ಲ ಹಾಜರಿ ಪುಸ್ತಕವನ್ನು ಬರೆದ ಕೈ ನನ್ನದು. ಬಾರದ ಮಗುವಿನ ಹೆಸರಿನ ಮುಂದೆ ಬಂದಿದೆಯೆಂದು ಗುರುತು ಮಾಡುವುದಕ್ಕೆ ನಮ್ಮ ಕಾಲದಲ್ಲಿ ಒಂದೇ ಹೆಸರಿತ್ತು. ಅದನ್ನು ಇಲ್ಲಿ ಬರೆಯಬೇಕಾದುದಿಲ್ಲ.

ನೀತಿಯ ಮಾತನ್ನು ಬದಿಗಿಟ್ಟರೂ ಇದರಲ್ಲಿ ಲೌಕಿಕವಾದ ಅಪಾಯವೊಂದುಂಟು. ಮುಂದೆ ಎಲ್ಲಿಯಾದರೂ ಕೆಲಸಕ್ಕೆ ಅರ್ಜಿ ಹಾಕುವಾಗ ಈ ಸೋದರಿಯು ಪದವಿಪತ್ರವನ್ನೂ ಆಸ್ಪತ್ರೆಯವರು ಕೊಟ್ಟ ಅನುಭವಪತ್ರವನ್ನೂ ಒಟ್ಟಿಗೆ ಲಗತ್ತಿಸುವರಷ್ಟೆ. ಎರಡರಲ್ಲಿಯೂ ತಾರೀಖುಗಳು ಇರುವುವು. ಒಬ್ಬಳೇ ದಾದಿಯು ಅದೇ ಎರಡು ವರ್ಷ ಹಗಲೆಲ್ಲ ಒಂದೂರಿನ ಕಾಲೇಜಿನಲ್ಲಿಯೂ ಇನ್ನೊಂದೂರಿನ ಆಸ್ಪತ್ರೆಯಲ್ಲಿಯೂ ಇದ್ದಳೆಂದು ಕಾಗದ ಹೇಳಿದರೆ, ಪರಿಶೀಲಿಸುವ ಗುಮಾಸ್ತನು ಒಂದನ್ನು ಸುಳ್ಳೆನ್ನಲೇಬೇಕು. ಪದವಿಯನ್ನು ಗಳಿಸಲು ಹೋಗಿ, ಪ್ರಾಮಾಣಿಕವಾಗಿ ರಾತ್ರಿಪಾಳಿ ಮಾಡಿ ಸಂಪಾದಿಸಿದ ಅನುಭವಕ್ಕೂ ಕಳಂಕ ತಂದುಕೊಂಡಂತಾಗುವುದು. ಆಗ ಉತ್ತರ ಹೇಳಬೇಕಾದವರು ಕಾಲೇಜಿನವರಲ್ಲ, ರುಜು ಹಾಕಿದ ಅರ್ಜಿದಾರರು.

ಹಾಗಾದರೆ ಕೆಲಸವನ್ನು ಬಿಟ್ಟು ಕ್ರಮವಾಗಿ ಓದುವುದೆ? ಇದಕ್ಕೆ ಲೆಕ್ಕ ಹಾಕಬೇಕು. ಮನೆಗಳಲ್ಲಿ ಸಾಮಾನ್ಯವಾಗಿ ಕಾಲೇಜಿನ ಶುಲ್ಕವನ್ನು ಮಾತ್ರ ಎಣಿಸುವರು. ಕೈಬಿಟ್ಟುಹೋಗುವ ಸಂಬಳವನ್ನು ಎಣಿಸುವುದಿಲ್ಲ. ಮಾತಿಗೆ ತಿಂಗಳ ಸಂಬಳ ರೂ. 20,000 ಎಂದಿಟ್ಟುಕೊಳ್ಳೋಣ. 24 ತಿಂಗಳಿಗೆ ರೂ. 4,80,000 ಆಯಿತು. ಪದವಿಯಾದ ಮೇಲೆ ಅದೇ ಆಸ್ಪತ್ರೆಯವರು ತಿಂಗಳಿಗೆ ರೂ. 3,000 ಹೆಚ್ಚು ಕೊಟ್ಟರೂ ಆ ಮೊತ್ತ ಮರಳಿ ಬರಲು 160 ತಿಂಗಳು, ಎಂದರೆ ಹದಿಮೂರು ವರ್ಷದ ಮೇಲೆ ನಾಲ್ಕು ತಿಂಗಳು ಬೇಕು. ಶುಲ್ಕ, ಸಾಲದ ಬಡ್ಡಿ, ಬಸ್ಸಿನ ಖರ್ಚು ಇದರಲ್ಲಿ ಸೇರಿಲ್ಲ. ಆದುದರಿಂದ ಈಗಿರುವ ಕೆಲಸದಲ್ಲಿಯೇ ಸ್ವಲ್ಪ ಹೆಚ್ಚಿನ ಸಂಬಳವಾದೀತೆಂಬ ಆಸೆಯೊಂದೇ ಇದ್ದರೆ ಈ ವ್ಯಾಸಂಗ ಬೇಡವೆಂದೇ ನನ್ನ ಅಭಿಪ್ರಾಯ.

ಸರ್ಕಾರಿ ಕೆಲಸಕ್ಕೆ ಪದವಿ ಅನಿವಾರ್ಯವೆಂದು ಈ ಸೋದರಿಯ ಯಜಮಾನರು ನಂಬಿರುವಂತೆ ಕಾಣುತ್ತದೆ. ಇದನ್ನು ಕೊಂಚ ವಿಸ್ತರಿಸಿ ಹೇಳಬೇಕು. ಏಮ್ಸ್ ಎಂದು ಹೆಸರಾದ ಕೇಂದ್ರ ಸರ್ಕಾರದ ದೊಡ್ಡ ಆಸ್ಪತ್ರೆಗಳು ನಾರ್ಸೆಟ್ ಎಂಬ ಪರೀಕ್ಷೆಯ ಮೂಲಕ ನರ್ಸಿಂಗ್ ಆಫೀಸರುಗಳನ್ನು ಆರಿಸುವುವು. ಅದಕ್ಕೆ ಪದವೀಧರೆಯರಂತೆಯೇ ಡಿಪ್ಲೊಮಾ ಪಡೆದವರೂ ಅರ್ಹರು. ಡಿಪ್ಲೊಮಾದವರಿಗೆ ಮಾತ್ರ, ಕಡಮೆಯೆಂದರೆ 50 ಹಾಸಿಗೆಗಳುಳ್ಳ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವವಿರಬೇಕು. ಏಳನೆಯ ವೇತನ ಆಯೋಗದ ಪ್ರಕಾರ ಆ ಹುದ್ದೆಯ ಆರಂಭದ ಮೂಲವೇತನ ರೂ. 44,900, ಪದವಿಯಿದ್ದರೂ ಅಷ್ಟೆ, ಡಿಪ್ಲೊಮಾ ಇದ್ದರೂ ಅಷ್ಟೆ. ನಾಲ್ಕು ವರ್ಷದ ಅನುಭವ ಈಗಾಗಲೇ ಕೈಯಲ್ಲಿರುವುದು. ತಮ್ಮ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆಗಳೆಂಬುದನ್ನು ಅವರು ಬರೆದಿಲ್ಲ. ಮುಂಗಡದ ಹಣದ ಯೋಚನೆಗೆ ಮುಂಚೆ ಆ ಹಾಸಿಗೆಗಳನ್ನು ಎಣಿಸತಕ್ಕದ್ದು! 50ಕ್ಕೆ ಕಡಮೆಯಾದರೆ ದೊಡ್ಡ ಆಸ್ಪತ್ರೆಗೆ ಬದಲಾಯಿಸಿಕೊಳ್ಳುವುದು ಪದವಿಗಿಂತ ಸುಲಭವೂ ಶೀಘ್ರವೂ ಆದ ಉಪಾಯ. ಇಂಥ ಹುದ್ದೆಗಳಿಗೆ ವಯೋಮಿತಿಯೂ ಉಂಟೆಂಬುದನ್ನು ಮರೆಯಲಾಗದು. 26ರ ಪ್ರಾಯದಲ್ಲಿ ಎರಡು ವರ್ಷವೆಂಬುದು ಸಣ್ಣ ಸಂಗತಿಯಲ್ಲ.

ಹುದ್ದೆ ದೊರೆತ ಮೇಲೆ ಓದಿನ ದಾರಿ ಮುಚ್ಚಿಹೋಗುವುದಿಲ್ಲ. ಕೇಂದ್ರ ಸರ್ಕಾರದ ನೌಕರರಿಗೆ ಐದು ವರ್ಷದ ಸೇವೆಯಾದ ಬಳಿಕ, ತಮ್ಮ ಕೆಲಸಕ್ಕೆ ಸಂಬಂಧಪಟ್ಟ ವಿದ್ಯೆಗಾಗಿ ವ್ಯಾಸಂಗದ ರಜೆಯನ್ನು ಕೊಡುವ ನಿಯಮವಿದೆ. ಸೇವಾವಧಿಯಲ್ಲೆಲ್ಲ ಸೇರಿ ಸಾಮಾನ್ಯವಾಗಿ 24 ತಿಂಗಳು. ಅದು ಹಕ್ಕಲ್ಲ, ಮೇಲಿನವರು ಒಪ್ಪಬೇಕು, ಮರಳಿ ಬಂದು ಸೇವೆ ಮಾಡುವೆನೆಂದು ಮುಚ್ಚಳಿಕೆಯನ್ನೂ ಬರೆದುಕೊಡಬೇಕು. ಆದರೂ ಉದ್ಯೋಗದಲ್ಲಿದ್ದುಕೊಂಡು ಓದುವುದೆಂದರೆ ನನ್ನ ಮಟ್ಟಿಗೆ ಇದೇ. ಮೊದಲು ಹುದ್ದೆ, ಆಮೇಲೆ ಪದವಿ ಎಂಬ ಕ್ರಮವನ್ನೇ ಈ ಸೋದರಿಗೆ ಸೂಚಿಸುತ್ತೇನೆ.

ವಿದೇಶಕ್ಕೆ ಹೋಗಬಯಸುವವರ ವಿಷಯ ಬೇರೆ. ದೇಶದೇಶಕ್ಕೆ ನಿಯಮ ಬೇರೆಯಾಗಿರುವುದರಿಂದ ಹೋಗಲಿರುವ ದೇಶದ ದಾಖಲೆ ಸಂಸ್ಥೆಯ ಷರತ್ತುಗಳನ್ನೇ ನೋಡಬೇಕು; ದಲ್ಲಾಳಿಗಳ ಬಾಯಿಮಾತನ್ನಲ್ಲ.

ಆದರೆ ಒಂದು ಪಕ್ಷ, ತಾನು ಕಲಿತುದನ್ನು ಬೇರೆಯವರಿಗೆ ಕಲಿಸಬೇಕೆಂಬ ಆಸೆ ಮನಸ್ಸಿನಲ್ಲಿದ್ದರೆ ನನ್ನ ಉತ್ತರವೇ ಬೇರೆಯಾಗುವುದು. ಆ ಎರಡು ವರ್ಷದ ಪಾಠಗಳಲ್ಲಿ ಮನಶ್ಶಾಸ್ತ್ರ, ಪೋಷಣಶಾಸ್ತ್ರ, ಸಮುದಾಯದ ಆರೋಗ್ಯ, ಮಾನಸಿಕ ರೋಗಿಗಳ ಶುಶ್ರೂಷೆ ಇವಲ್ಲದೆ, ಬೋಧನಕ್ರಮ, ಆಡಳಿತ, ಸಂಶೋಧನೆ ಇವುಗಳ ಪ್ರವೇಶವೂ ಇರುವುದು. ಮುಂದಿನ ಎಂ.ಎಸ್ಸಿ.ಗೆ ಹೋಗಲು ಈ ಪದವಿ ಬೇಕೇ ಬೇಕು. ಕಾಲೇಜಿನಲ್ಲಿ ಉಪಾಧ್ಯಾಯಿನಿಯಾಗಲು ಇದೇ ಮಾರ್ಗ. ಅಂಥವರು ಸಂಬಳದ ಲೆಕ್ಕವನ್ನು ನೋಡಿ ಹೆದರಬಾರದು. ಅತ್ತೆಯವರೊಡನೆ ಕುಳಿತು ಮಗುವಿನ ವ್ಯವಸ್ಥೆಯನ್ನು ಮೊದಲೇ ನಿಶ್ಚಯಿಸಿಕೊಂಡು, ಕೆಲಸಕ್ಕೆ ರಾಜೀನಾಮೆ ಕೊಟ್ಟು, ಅನುಭವಪತ್ರವನ್ನು ಆ ತಾರೀಖಿಗೆ ಮುಗಿಸಿ ಬರೆಯಿಸಿಕೊಂಡು, ನೆಟ್ಟಗೆ ಹೋಗಿ ಸೇರಲಿ. ಸೇರುವ ಮುನ್ನ ಆ ಕಾಲೇಜಿಗೆ ಶುಶ್ರೂಷಾ ಪರಿಷತ್ತಿನ ಮಾನ್ಯತೆಯೂ, ನಮ್ಮ ರಾಜ್ಯದಲ್ಲಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆಯೂ ಆ ವರ್ಷಕ್ಕೆ ಇರುವುದೇ ಎಂದು ನೋಡಿಕೊಳ್ಳಬೇಕು. ಎರಡನೆಯ ವರ್ಷದಲ್ಲಿ ಓದುತ್ತಿರುವ ಹೆಣ್ಣುಮಕ್ಕಳನ್ನು ಹೊರಗೆ ಕಂಡು, ವಾರದಲ್ಲಿ ಎಷ್ಟು ದಿನ ವಾರ್ಡಿಗೆ ಕರೆದೊಯ್ಯುವರೆಂದು ವಿಚಾರಿಸಬೇಕು. ಕಚೇರಿಯಲ್ಲಿ ದೊರೆಯದ ಉತ್ತರ ಅವರಲ್ಲಿ ದೊರೆಯುವುದು.