ಮುಂದೊಗಲು ಅಂದ್ರೆ ಮುಖ ಯಾಕೆ ತಿರುಗಿಸ್ಬೇಕು?

ತಲೆಬರಹ ನೋಡಿ ಕೆಲವರು ಹುಬ್ಬೇರಿಸಿರಬಹುದು. ಆಫೀಸಿನಲ್ಲಿ ಕೂತು ಓದ್ತಾ ಇದ್ರೆ ಪಕ್ಕದ ಸೀಟಿನವರು ಇಣುಕಿದರೂ ಹೆದರಬೇಡಿ, ಅರ್ಧ ಜನಕ್ಕೆ ಕನ್ನಡ ಓದೋಕೆ ಬರಲ್ಲ :-)

ತಮಾಷೆ ಇರಲಿ, ವಿಷಯ ಮಾತ್ರ ತಮಾಷೆಯದ್ದಲ್ಲ. ಶಿಶ್ನದ ತುದಿಯನ್ನು ಮುಚ್ಚಿರುವ ಚರ್ಮಕ್ಕೆ ಮುಂದೊಗಲು ಅಂತಾರೆ. ಅದು ಬಿಗಿಯಾಗಿದ್ದು ಹಿಂದಕ್ಕೆ ಸರಿಯದೇ ಇದ್ದರೆ ಡಾಕ್ಟರು ಅದಕ್ಕೆ ಫೈಮೋಸಿಸ್ ಅನ್ನುತ್ತಾರೆ. ಇದಕ್ಕೆ ಔಷಧಿ ಇದೆ, ಬಹಳ ಜನಕ್ಕೆ ಅದು ಸುಲಭದ್ದು, ಅಗ್ಗದ್ದು. ಆದರೂ ನಮ್ಮ ಹುಡುಗರು ಯಾರಿಗೂ ಹೇಳದೆ ವರ್ಷಗಟ್ಟಲೆ ಒದ್ದಾಡ್ತಾರೆ, ಇಲ್ಲವೇ ಜಾಹೀರಾತು ನೋಡಿ ಬೇಡದ ಆಪರೇಷನ್ನಿಗೆ ಹೋಗಿ ಮಲಗ್ತಾರೆ. ಎರಡಕ್ಕೂ ಕಾರಣ ನಾವು ಈ ಬಗ್ಗೆ ಬಾಯಿ ಬಿಡದೇ ಇರೋದು ಅನ್ನೋದು ನನ್ನ ಅಭಿಪ್ರಾಯ.

"ಇಂಥದ್ದೆಲ್ಲ ಮಾತಾಡೋದು ನಮ್ಮ ಸಂಸ್ಕೃತಿ ಅಲ್ಲ" ಅನ್ನೋರಿಗೆ ಒಂದು ಮಾತು. ಸುಶ್ರುತ ಸಂಹಿತೆಯಲ್ಲಿ ಈ ತೊಂದರೆಗೆ 'ನಿರುದ್ಧಪ್ರಕಶ' ಅಂತ ಹೆಸರೇ ಇದೆ. ಹಿಂದಕ್ಕೆ ಸರಿದ ಚರ್ಮ ಮುಂದಕ್ಕೆ ಬಾರದೆ ಸಿಕ್ಕಿಕೊಳ್ಳೋದಕ್ಕೆ 'ಪರಿವರ್ತಿಕಾ' ಅಂತ ಬೇರೆ ಹೆಸರು. ಚಿಕಿತ್ಸೆಯನ್ನೂ ಬರೆದಿದ್ದಾರೆ. ಜಿಡ್ಡು ಸವರಿದ ಸಣ್ಣ ನಳಿಕೆ ಇಟ್ಟು, ಮೂರು ದಿನಕ್ಕೊಮ್ಮೆ ಇನ್ನೂ ಸ್ವಲ್ಪ ದಪ್ಪದ್ದು ಬದಲಿಸುತ್ತಾ ನಿಧಾನವಾಗಿ ಅಗಲ ಮಾಡಬೇಕಂತೆ. ಈಗ ಯಾರೂ ಮನೆಯಲ್ಲಿ ನಳಿಕೆ ಹುಡುಕೋಕೆ ಹೋಗಬೇಡಿ ಮತ್ತೆ! ನಾನು ಹೇಳಿದ್ದು ಇಷ್ಟೇ, ಅಷ್ಟು ಹಿಂದಿನವರಿಗೆ ಇಲ್ಲದ ಸಂಕೋಚ ನಮಗೆ ಎಲ್ಲಿಂದ ಬಂತು?

ಮೊದಲು ಮಕ್ಕಳ ವಿಷಯಕ್ಕೆ ಬರೋಣ, ಯಾಕಂದ್ರೆ ಗಾಬರಿ ಶುರುವಾಗೋದೇ ಅಲ್ಲಿ. ಹುಟ್ಟಿದ ಮಗುವಿನಲ್ಲಿ ಮುಂದೊಗಲು ಒಳಗಿನ ತುದಿಗೆ ಅಂಟಿಕೊಂಡೇ ಇರುತ್ತದೆ. ಅದು ಕಾಯಿಲೆ ಅಲ್ಲ, ಇರಬೇಕಾದ್ದೇ ಹಾಗೆ. 1949ರಲ್ಲಿ ಡಗ್ಲಸ್ ಗೇರ್ಡ್ನರ್ ಅನ್ನೋ ಇಂಗ್ಲೆಂಡಿನ ಮಕ್ಕಳ ವೈದ್ಯರು ಇದನ್ನು ಲೆಕ್ಕ ಹಾಕಿದರು. ನವಜಾತ ಶಿಶುಗಳಲ್ಲಿ ಶೇ. 4ರಷ್ಟು ಮಕ್ಕಳಲ್ಲಿ ಮಾತ್ರ ಚರ್ಮ ಪೂರ್ತಿ ಸರಿಯುತ್ತಿತ್ತು. 1968ರಲ್ಲಿ ಡೆನ್ಮಾರ್ಕಿನ ಯಾಕೋಬ್ ಓಸ್ಟರ್ ಶಾಲೆಯ ಹುಡುಗರನ್ನು ವರ್ಷಗಟ್ಟಲೆ ಪರೀಕ್ಷಿಸಿ ವರದಿ ಕೊಟ್ಟರು. 6-7 ವರ್ಷದವರಲ್ಲಿ ಶೇ. 8ರಷ್ಟು ಮಂದಿಗೆ ಬಿಗಿತ ಇತ್ತು, 16-17 ವರ್ಷದವರಲ್ಲಿ ಅದು ಶೇ. 1ಕ್ಕೆ ಇಳಿದಿತ್ತು. ಅಂದ್ರೆ ಹೆಚ್ಚಿನವರಿಗೆ ಏನೂ ಮಾಡದೇ, ಬೆಳೀತಾ ಬೆಳೀತಾ ತಾನೇ ಸರಿಹೋಗುತ್ತದೆ.

ನಮ್ಮ ಕಡೆ ಎಣ್ಣೆ ಸ್ನಾನ ಮಾಡಿಸುವಾಗ ಕೂಸಿನ ಚರ್ಮವನ್ನು ಹಿಂದಕ್ಕೆ ಎಳೆದು ತೊಳೆಯೋ ಅಭ್ಯಾಸ ಕೆಲವು ಮನೆಗಳಲ್ಲಿ ಇದೆ. ಪ್ರೀತಿಯಿಂದಲೇ ಮಾಡ್ತಾರೆ, ಸಂಶಯ ಇಲ್ಲ. ಆದರೆ ಹಾಗೆ ಎಳೆದರೆ ಸಣ್ಣ ಸಣ್ಣ ಬಿರುಕು ಬೀಳುತ್ತೆ, ಅದು ಮಾಯುವಾಗ ಕಲೆ ಕಟ್ಟಿ ಚರ್ಮ ಗಟ್ಟಿಯಾಗುತ್ತೆ. ಇಲ್ಲದ ಫೈಮೋಸಿಸ್ ಹೀಗೆ ನಿಜವಾಗಿಯೇ ಬಂದುಬಿಡಬಹುದು. ಹೊರಗಡೆ ನೀರು ಹಾಕಿ ತೊಳೆದರೆ ಸಾಕು. ಮಗು ಉಚ್ಚೆ ಹೊಯ್ಯುವಾಗ ಅಳ್ತಾ ಇದ್ರೆ, ಜ್ವರ ಬಂದ್ರೆ, ಕೆಂಪಗೆ ಊದಿಕೊಂಡ್ರೆ ಡಾಕ್ಟರ ಹತ್ತಿರ ಕರಕೊಂಡು ಹೋಗಿ. ಇಲ್ಲಾಂದ್ರೆ ಅದರ ಪಾಡಿಗೆ ಬಿಡಿ.

ಇನ್ನು ದೊಡ್ಡವರ ಕಥೆ. ಚಿಕ್ಕಂದಿನ ಬಿಗಿತ ಹಾಗೇ ಉಳಿದವರು ಇದ್ದಾರೆ. ಮೊದಲು ಸರಿ ಇದ್ದು ಆಮೇಲೆ ಬಿಗಿಯಾದವರೂ ಇದ್ದಾರೆ. ಈ ಎರಡನೆಯವರು ಸ್ವಲ್ಪ ಹುಷಾರಾಗಿರಬೇಕು. ರಕ್ತದಲ್ಲಿ ಸಕ್ಕರೆ ಹೆಚ್ಚಾದರೆ ಅಲ್ಲಿ ಪದೇಪದೇ ಫಂಗಸ್ ಸೋಂಕು ಆಗಿ ಚರ್ಮ ಬಿರುಕು ಬಿಟ್ಟು ಬಿಗಿಯಾಗುತ್ತೆ. ಎಷ್ಟೋ ಸಲ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಗೋದೇ ಹೀಗೆ. ಹಾಗಾಗಿ ಒಳ್ಳೆ ಡಾಕ್ಟರು ಮೊದಲು ಶುಗರ್ ಟೆಸ್ಟ್ ಬರೀತಾರೆ. ಇನ್ನೊಂದು ಕಾರಣ ಲೈಕೆನ್ ಸ್ಕ್ಲೆರೋಸಸ್ ಅನ್ನೋ ಚರ್ಮರೋಗ. ಇದರಲ್ಲಿ ತುದಿಯ ಸುತ್ತ ಬಿಳಿ ಉಂಗುರದ ಹಾಗೆ ಕಲೆ ಕಟ್ಟುತ್ತೆ. ಇದನ್ನು ಹಾಗೇ ಬಿಟ್ಟರೆ ಮೂತ್ರದ ದಾರಿಯೂ ಕಿರಿದಾಗಬಹುದು.

ಚಿಕಿತ್ಸೆ ಅಂದ ತಕ್ಷಣ ಎಲ್ಲರ ತಲೆಗೆ ಬರೋದು ಕತ್ತರಿ. ಆದರೆ ಕಲೆ ಕಟ್ಟದ ಸಾಮಾನ್ಯ ಬಿಗಿತಕ್ಕೆ ಮೊದಲು ಕೊಡೋದು ಬೆಟಾಮೆಥಸೋನ್ ಥರದ ಸ್ಟೀರಾಯ್ಡ್ ಕ್ರೀಮು. ಡಾಕ್ಟರು ಹೇಳಿದ ಹಾಗೆ ಬಿಗಿ ಇರುವ ಜಾಗಕ್ಕೆ ತೆಳ್ಳಗೆ ಹಚ್ಚಬೇಕು, ಸಾಮಾನ್ಯವಾಗಿ 4ರಿಂದ 8 ವಾರ. ಜೊತೆಗೆ ಬಿಸಿನೀರಿನ ಸ್ನಾನ ಆದಮೇಲೆ ನೋವಾಗದಷ್ಟೇ ಮೆಲ್ಲಗೆ ಹಿಂದಕ್ಕೆ ಸರಿಸೋ ಅಭ್ಯಾಸ. ಹೆಚ್ಚಿನವರಿಗೆ ಇಷ್ಟರಲ್ಲೇ ಗುಣ ಕಾಣುತ್ತದೆ. ಹಾಗಂತ ಮೆಡಿಕಲ್ ಶಾಪಿಗೆ ಹೋಗಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಅಂತ ಮೂರು ನಾಲ್ಕು ಔಷಧಿ ಬೆರೆಸಿದ ಕ್ರೀಮು ತಂದು ತಿಂಗಳುಗಟ್ಟಲೆ ಬಳಿಯಬೇಡಿ. ಚರ್ಮ ತೆಳುವಾಗುತ್ತೆ, ಸೋಂಕು ಇನ್ನೂ ಹೆಚ್ಚಾಗುತ್ತೆ.

ನನ್ನ ಗೆಳೆಯನೊಬ್ಬ, ಅವನ ಒಪ್ಪಿಗೆ ಪಡೆದೇ ಬರೀತಿದ್ದೀನಿ, ಮದುವೆ ನಿಶ್ಚಯವಾದ ಮೇಲೆ ಗಾಬರಿಯಾಗಿ ಮೊಬೈಲಲ್ಲಿ ಕಂಡ ಒಂದು ಕ್ಲಿನಿಕ್ಕಿಗೆ ಫೋನ್ ಮಾಡಿದ. ಪರೀಕ್ಷೆ ಮಾಡೋಕೆ ಮುಂಚೇನೇ ಫೋನೆತ್ತಿದವರು ಸ್ಟೇಪ್ಲರ್ ಆಪರೇಷನ್ನಿನ ರೇಟು ಹೇಳಿದರಂತೆ, ಇಎಂಐ ಕೂಡ ಇದೆ ಅಂದರಂತೆ! "ಲೋ, ಇದೇನು ವಾಷಿಂಗ್ ಮೆಷೀನಾ?" ಅಂದೆ. ಇನ್ನೊಂದು ಆಸ್ಪತ್ರೆಯಲ್ಲಿ ಯುರಾಲಜಿಸ್ಟ್ ಹತ್ತಿರ ತೋರಿಸಿದ. ಕಲೆ ಇಲ್ಲ, ಶುಗರ್ ಇಲ್ಲ, ಕ್ರೀಮು ಸಾಕು ಅಂದ್ರು. ಆರು ವಾರ ಹಚ್ಚಿದ, ಸರಿಹೋಯ್ತು. ಟ್ಯೂಬಿಗೆ ಕೊಟ್ಟ ದುಡ್ಡು ಒಂದು ಸಿನಿಮಾ ಟಿಕೆಟ್ಟಿಗಿಂತ ಕಡಿಮೆ.

ಹಾಗಂತ ಆಪರೇಷನ್ನೇ ತಪ್ಪು ಅಂತ ನಾನು ಹೇಳ್ತಿಲ್ಲ. ಕಲೆ ಗಟ್ಟಿಯಾಗಿದ್ದರೆ, ಕ್ರೀಮಿಗೆ ಬಗ್ಗದಿದ್ದರೆ, ಸೋಂಕು ಮರುಕಳಿಸುತ್ತಿದ್ದರೆ ಅದೇ ಸರಿಯಾದ ದಾರಿ. ಚರ್ಮ ಉಳಿಸಿಕೊಂಡು ಬರೀ ಬಿಗಿ ಸಡಿಲಿಸೋ ವಿಧಾನವೂ ಇದೆ, ಪೂರ್ತಿ ತೆಗೆಯೋದೂ ಇದೆ. "ಸುನ್ನತಿ ಅಂದ್ರೆ ನಮ್ಮ ಧರ್ಮದ್ದಲ್ಲ" ಅಂತ ನೋವು ತಿಂದುಕೊಂಡೇ ಇರೋರನ್ನು ಕಂಡಿದ್ದೀನಿ. ಅಪೆಂಡಿಕ್ಸ್ ತೆಗೆಸೋವಾಗ ಯಾರೂ ಧರ್ಮ ಕೇಳಲ್ಲವಲ್ಲ ಸ್ವಾಮಿ? ಬಿಗಿತ ಬಹಳ ಕಾಲ ಉಳಿದರೆ ಶಿಶ್ನದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಆ ಕ್ಯಾನ್ಸರ್ ಅಪರೂಪದ್ದು ನಿಜ, ಆದರೆ ವಾಸಿಯಾಗದ ಗಾಯ, ಗಂಟು, ರಕ್ತ ಕಂಡರೆ ನಾಚಿಕೊಂಡು ಕೂರಬಾರದು.

ಇದೊಂದನ್ನಂತೂ ಎಲ್ಲರೂ ನೆನಪಿಟ್ಟುಕೊಳ್ಳಿ. ಹಿಂದಕ್ಕೆ ಸರಿದ ಚರ್ಮ ಮುಂದಕ್ಕೆ ಬಾರದೆ ತುದಿ ಊದಿಕೊಂಡರೆ ಅದು ಎಮರ್ಜೆನ್ಸಿ. ರಕ್ತ ಓಡಾಟ ನಿಂತುಹೋಗಬಹುದು. ಬೆಳಿಗ್ಗೆ ನೋಡೋಣ ಅನ್ನಬೇಡಿ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ವಯಸ್ಸಾದವರಿಗೆ ಮೂತ್ರದ ನಳಿಕೆ ಹಾಕಿಸಿದ್ದರೆ, ಆಮೇಲೆ ಚರ್ಮವನ್ನು ಮುಂದಕ್ಕೆ ತಂದಿದ್ದಾರಾ ಅಂತ ನರ್ಸನ್ನು ಕೇಳೋದೂ ಒಳ್ಳೇದು.

ಕನ್ನಡದಲ್ಲಿ ಡಾ. ಅನುಪಮಾ ನಿರಂಜನ ಅವರು ಹುಡುಗಿಯರಿಗಾಗಿ 'ಕೇಳು ಕಿಶೋರಿ' ಬರೆದರು. ಎಷ್ಟೋ ಮನೆಗಳಲ್ಲಿ ಅಮ್ಮಂದಿರು ಬಾಯಲ್ಲಿ ಹೇಳಲಾಗದ್ದನ್ನು ಆ ಪುಸ್ತಕ ಹೇಳಿತು. ಹುಡುಗರಿಗೆ ಏನು ಸಿಕ್ಕಿತು? ನನ್ನ ಕಾಲದಲ್ಲಂತೂ ಬಸ್‌ಸ್ಟ್ಯಾಂಡ್ ಗೋಡೆಯ ಮೇಲಿನ 'ಗುಪ್ತರೋಗ' ಚೀಟಿ, ಮೇಷ್ಟ್ರು "ಮನೆಯಲ್ಲಿ ಓದಿಕೊಳ್ಳಿ" ಅಂತ ಹಾರಿಸಿದ ಒಂದು ಪಾಠ, ಹಾಸ್ಟೆಲ್ಲಿನ ಪೋಲಿ ಜೋಕು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ ಸರ್ವರ್ ಯಾಕೆ ಕೆಟ್ಟಿತು ಅಂತ ಹುಡುಕೋಕೆ ಕಲಿತ ನಮಗೆ ನಮ್ಮ ಮೈಯ ಬಗ್ಗೆ ಕೇಳೋಕೆ ಒಂದು ಶಬ್ದ ಗೊತ್ತಿರಲಿಲ್ಲ.

ಅಪ್ಪಂದಿರೇ, ಅಣ್ಣಂದಿರೇ, ಮಾವಂದಿರೇ, ಹದಿನಾಲ್ಕು ಹದಿನೈದು ದಾಟಿದ ಹುಡುಗರಿಗೆ "ಅಲ್ಲೇನಾದ್ರೂ ನೋವು, ಬಿಗಿ ಅನ್ಸಿದ್ರೆ ಹೇಳು, ಡಾಕ್ಟರ ಹತ್ರ ಹೋಗೋಣ" ಅಂತ ಒಂದು ಮಾತು ಹೇಳಿಡಿ. ಅಷ್ಟು ಸಾಕು, ಭಾಷಣ ಬೇಡ. ಬ್ಲಾಗಿಗ ಗೆಳೆಯರಲ್ಲಿ ಡಾಕ್ಟರು ಯಾರಾದ್ರೂ ಇದ್ರೆ ಇದರ ಬಗ್ಗೆ ನನಗಿಂತ ಚೆನ್ನಾಗಿ ಬರೀತೀರಿ, ದಯವಿಟ್ಟು ಬರೀರಿ. ಯಾವುದೋ ಊರಿನಲ್ಲಿ ರಾತ್ರಿ ಒಬ್ಬನೇ ಕೂತು ಇದನ್ನು ಕನ್ನಡದಲ್ಲಿ ಹುಡುಕೋ ಹುಡುಗನಿಗೆ ಜಾಹೀರಾತಿಗಿಂತ ಮುಂಚೆ ನಿಮ್ಮ ಬರಹ ಸಿಗಲಿ.